ಸರೋಜಮ್ಮ ಎಂಬ ಯುದ್ಧನೌಕೆ

ಹೇಳಿದರೆ ನೀವು ನಂಬುವುದಿಲ್ಲ, ಕಳೆದ ಭಾನುವಾರ ಕ್ಯಾಸಲ್‌ನಾಕ್‌ನ ನಮ್ಮ ಮನೆಯ ಬಾತ್‌ಟಬ್ಬಿನಲ್ಲಿ ಒಂದು ಉಕ್ಕಿನ ಕ್ರೂಸರ್ ತೇಲುತ್ತಿತ್ತು. ಹುಟ್ಟಿನಿಂದ ಅದು ಮೊಟ್ಟೆಯಾಕಾರದ ಸ್ಟೀಲ್ ಟಿಫಿನ್ ಡಬ್ಬಿ. ಚಾಪ್‌ಸ್ಟಿಕ್ಕುಗಳ ಹಾಯಿಕಂಬ ನೆಟ್ಟು, ಕರವಸ್ತ್ರದ ಹಾಯಿ ಕಟ್ಟಿ ಯುದ್ಧನೌಕೆಯ ಹುದ್ದೆಗೆ ಬಡ್ತಿ ಕೊಟ್ಟವನು ನಾನು. ಮರುದಿನ ಶಾಲೆಯಲ್ಲಿ ಇತಿಹಾಸದ ಮಾದರಿಗಳ ಪ್ರದರ್ಶನ. ಗೆದ್ದದ್ದು ಶಾಲೆಯ ಮುಂಬಾಗಿಲ ಬಳಿಯ ಗಾಜಿನ ಕಪಾಟು ಸೇರುತ್ತದೆ. ಆ ಕಪಾಟು ನನಗೆ ಬೇಕೇ ಬೇಕಿತ್ತು.

ಉಕ್ಕಿನ ಹಡಗಿಗೆ ಹಾಯಿ ಏಕೆಂದು ನಗಬೇಡಿ. ಮೊದಮೊದಲ ಕ್ರೂಸರ್‌ಗಳಲ್ಲಿ ಅನೇಕಕ್ಕೆ ಅದಿತ್ತು. ಕಬ್ಬಿಣಕ್ಕಿಂತ ಉಕ್ಕು ಗಟ್ಟಿ, ಅದರ ಹಡಗು ಹಗುರ ಎಂದು ಒಪ್ಪಿದವರು ಉಗಿಯಂತ್ರವನ್ನು ಮಾತ್ರ ಪೂರ್ತಿ ನಂಬಲಿಲ್ಲ. ದೂರದ ಸಮುದ್ರದಲ್ಲಿ ಕಲ್ಲಿದ್ದಲು ತೀರಿದರೆ ಗಾಳಿಯಾದರೂ ಇರಲಿ ಎಂದು ಹೊಗೆಕೊಳವೆಯ ಪಕ್ಕದಲ್ಲೇ ಹಾಯಿಕಂಬ ನಿಲ್ಲಿಸಿದರು. ಹೊಸದನ್ನು ಅಪ್ಪಿಕೊಂಡವರ ಇನ್ನೊಂದು ಕೈ ಹಳೆಯದನ್ನೇ ಹಿಡಿದಿರುತ್ತದೆ. ಈ ಪರದೇಶದ ಆಸ್ಪತ್ರೆಯಲ್ಲಿ ಡಾಕ್ಟರಾಗಿರುವ ಅಮ್ಮ ಮೈಸೂರಿನಿಂದ ಈ ಡಬ್ಬಿಯನ್ನು ಹೊತ್ತು ತಂದದ್ದೂ ಹಾಗೆಯೇ.

ಗೆಳೆಯ ತೇಜು ಇಲ್ಲೇ ಹುಟ್ಟಿದವನು. ಕನ್ನಡ ಆಡಬಲ್ಲ, ಓದಲಾರ. ಟಬ್ಬಿನ ಪಕ್ಕ ಕೂತು ಡಬ್ಬಿಯ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆಸಿದ ಅಕ್ಷರಗಳನ್ನು ಸವರಿದ.

“ಇದೇನೋ?”

“ಹಡಗಿನ ಹೆಸರು ಕಣೋ. ಸರೋಜಮ್ಮ.”

“ಯಾವೂರದು?”

“ಮಂಡ್ಯ. ಹೆಸರು ಕೇಳಿದ್ರೆ ಶತ್ರುಗಳು ಹಡಗು ತಿರುಗಿಸ್ಕೊಂಡು ಓಡ್ತಿದ್ರು.”

“ಗ್ರ್ಯಾಂಡ್. ಮಂಡ್ಯದಲ್ಲಿ ಸಮುದ್ರ ಐತಾ?”

“ಆಗ ಇತ್ತು.”

ಅಷ್ಟರಲ್ಲಿ ಬಾಗಿಲು ತೆರೆಯಿತು. ಅಮ್ಮ, ಡ್ಯೂಟಿಗೆ ಹೊರಟ ಉಡುಪಿನಲ್ಲಿ.

“ಅದು ನಿಮ್ಮಜ್ಜಿ ಡಬ್ಬಿ ಅಲ್ವೇನೋ?”

ತೇಜು ನನ್ನತ್ತ ನೋಡಿದ. “ಅಜ್ಜೀನಾ?”

“ನಾಳೆ ಪ್ರದರ್ಶನ ಅಮ್ಮಾ. ಬೇರೆ ಡಬ್ಬಿ ತಗೊಂಡು ಹೋಗು.”

“ಐಸ್‌ಕ್ರೀಮ್ ಡಬ್ಬಿ ಇದೆ, ನಿನ್ ಹಡಗಿಗೆ ಅದನ್ನ ತಗೋ. ಇದ್ರಲ್ಲಿ ಊಟ ಮಾಡಿದ್ರೇನೇ ನಂಗೆ ಊಟ ಮಾಡ್ದಂಗೆ.”

ಹಾಯಿಕಂಬಗಳು ಒಂದೊಂದಾಗಿ ಕಿತ್ತುಬಂದವು. ಆ ಹಳೆಯ ಕ್ರೂಸರ್‌ಗಳನ್ನೂ ಬಹುಪಾಲು ಶತ್ರು ಮುಳುಗಿಸಲಿಲ್ಲ. ಸ್ವಂತದವರೇ ಬಿಚ್ಚಿ ಗುಜರಿಗೆ ಹಾಕಿದರು. ಆ ಉಕ್ಕು ಕರಗಿ ಯಾರ ಮನೆಯ ಏನಾಯಿತೋ ಯಾರು ಬಲ್ಲರು. ನಮ್ಮದು ಏನಾಯಿತೆಂದು ಮಾತ್ರ ನಾನು ಕಣ್ಣಾರೆ ಕಂಡೆ: ಸರೋಜಮ್ಮ ಹೊಟ್ಟೆತುಂಬ ಮೊಸರನ್ನ ತುಂಬಿಕೊಂಡು, ಮಗಳ ಹೆಗಲೇರಿ, ಆಸ್ಪತ್ರೆಯ ಕಡೆ ಹೊರಟಿತು.