ಗಾಜಿನ ಶೋರೂಮಲ್ಲಿ ದೊಡ್ಡಪ್ಪನ ಟವಲ್

ನಮ್ಮ ದೊಡ್ಡಪ್ಪನ ಟವಲ್ ಬಗ್ಗೆ ಮೊದ್ಲೇ ಹೇಳ್ಬಿಡ್ತೀನಿ, ಇಲ್ದಿದ್ರೆ ಮುಂದೆ ಆಗಿದ್ದು ನಿಮಗೆ ಅರ್ಥ ಆಗಲ್ಲ. ಬಿಳಿ ಟವಲ್ಲು, ಕೆಂಪು ಅಂಚು. ಎಷ್ಟು ಉದ್ದ ಅಂದ್ರೆ ನಮ್ಮೂರು ಸುಗಟೂರಲ್ಲಿ ಒಂದು ತುದಿ ಹಿಡ್ಕೊಂಡ್ರೆ ಇನ್ನೊಂದು ತುದೀನ ಕೋಲಾರದ ಬಸ್ ಸ್ಟ್ಯಾಂಡಲ್ಲಿ ಕಟ್ಟಬಹುದು. ಸರಿ, ಅಷ್ಟಿಲ್ಲ. ಆದ್ರೆ ಆ ಟವಲ್ ಕೆಳಗೆ ಕೈ ಬದಲಾದ ದನಗಳನ್ನ ಸಾಲಾಗಿ ನಿಲ್ಸಿದ್ರೆ ಅಷ್ಟುದ್ದ ಆಗೇ ಆಗ್ತದೆ.

ದೊಡ್ಡಪ್ಪ ದನದ ದಳ್ಳಾಳಿ. ಸಂತೇಲಿ ದನದ ವ್ಯಾಪಾರ ಬಾಯಲ್ಲಿ ನಡೆಯಲ್ಲ. ಮಾರೋನ ಕೈ, ಕೊಳ್ಳೋನ ಕೈ, ಎರಡರ ಮೇಲೂ ಟವಲ್ ಹಾಕ್ತಾರೆ. ಕೆಳಗೆ ಬೆರಳು ಮಾತಾಡ್ತವೆ. ಒಂದು ಬೆರಳು ಹಿಡಿದ್ರೆ ಒಂದು ಸಾವಿರ, ಐದೂ ಸೇರಿಸಿ ಹಿಡಿದ್ರೆ ಐದು. ಒಪ್ಪಿಗೆ ಇಲ್ಲ ಅಂದ್ರೆ ಕೈ ಕೊಡವಿ ಬಿಡಿಸ್ಕೋಬೇಕು. ಸುಮ್ನಿದ್ರೆ ಒಪ್ಪಿದ ಹಾಗೆ. ಟವಲ್ ತೆಗೆದ್ಮೇಲೆ ಬ್ರಹ್ಮ ಬಂದ್ರೂ ಮಾತು ಬದಲಾಗಲ್ಲ. ಎಷ್ಟಕ್ಕೆ ಆಯ್ತು ಅಂತ ಆಮೇಲೆ ಯಾರೂ ಯಾರಿಗೂ ಹೇಳೋ ಹಾಗಿಲ್ಲ.

ಚಿಕ್ಕೋನಿದ್ದಾಗ ಕೇಳಿದ್ದೆ, "ಯಾಕ್ ದೊಡ್ಡಪ್ಪ ಕಳ್ಳರ ಥರ ಮುಚ್ಕೊಂಡು?"

"ಕಡಿಮೆಗೆ ಮಾರ್ದೋನಿಗೂ ಒಂದು ಮುಖ ಇರ್ತದೆ ಕಣೋ. ಜಾಸ್ತಿ ಕೊಟ್ಟೋನಿಗೂ ಇರ್ತದೆ. ಇಬ್ರೂ ನಾಳೆ ಅದೇ ಸಂತೆಗೆ ಬರ್ಬೇಕಲ್ಲ."

ಹೋದ ವರ್ಷ, ನಾನು ಸೆಕೆಂಡ್ ಪಿಯುಸಿಲಿದ್ದಾಗ, ಟೊಮೇಟೊಗೆ ಎಂಥಾ ರೇಟ್ ಬಂತು ಅಂದ್ರೆ ನಮ್ಮಪ್ಪ ರಾತ್ರಿ ನಿದ್ದೇಲಿ ನಗ್ತಿದ್ರು. ಅಲ್ಲೀವರೆಗೆ ನಮ್ಮನೇಲಿದ್ದದ್ದು ಒಂದು ಸ್ಕೂಟರ್. ಅದರ ಮೇಲೆ ಅಪ್ಪ, ಅಮ್ಮ, ನಾನು, ತಂಗಿ, ಹಾಲಿನ ಕ್ಯಾನು, ಒಂದೊಂದ್ಸಲ ಮೇಕೆಮರಿ. ಒಂದಿನ ಟೀ ಅಂಗಡಿ ಮುಂದೆ ಅಪ್ಪ ಎಲ್ರೆದುರಿಗೆ ಹೇಳಿಬಿಟ್ರು, "ಕಾರು ತಗೊಂಡ್ಬಿಡೋಣ ಅಂತಿದೀನಿ."

ದೊಡ್ಡಪ್ಪ ಅಲ್ಲೇ ಬೆಂಚಿನ ಮೇಲಿದ್ರು. "ಎಷ್ಟಕ್ಕೆ?"

"ಅಲ್ಲಿ ರೇಟ್ ಹಾಕಿರ್ತಾರಂತೆ ಅಣ್ಣ."

"ರೇಟ್ ಹಾಕೋದು ಸೋಪಿಗೆ ಕಣೋ. ಇಷ್ಟು ದೊಡ್ಡ ಜೀವಕ್ಕೆ ಯಾವನೋ ಹಾಕ್ತಾನೆ ರೇಟು?"

ಟೀ ಅಂಗಡಿಯವನು ಸುಮ್ನಿರೋ ಗಿರಾಕಿ ಅಲ್ಲ. "ದನ ಅಲ್ಲ ಯಜಮಾನ್ರೇ, ಕಾರು. ಅಲ್ಲಿ ನಿಮ್ಮ ಬೆರಳು ಯಾರು ಹಿಡೀತಾರೆ?"

ಎಲ್ರೂ ನಕ್ರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಟ್ರ್ಯಾಕ್ಟರ್ ಬಂದ್ಮೇಲೆ ಎತ್ತು ಕೊಳ್ಳೋರು ಕಡಿಮೆ ಆಗಿದ್ರು, ದೊಡ್ಡಪ್ಪನ್ನ ಸಂತೆಗೆ ಕರೆಯೋರೂ ಕಡಿಮೆ ಆಗಿದ್ರು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ದೊಡ್ಡಪ್ಪ ಎದ್ದು ನಿಂತು ಟವಲ್ ಕೊಡವಿದ್ರು. ಆ ಗಾಳಿಗೆ ಮೂರು ಟೀ ಲೋಟ ಬಿದ್ವು, ಒಬ್ಬನ ಬೀಡಿ ಆರಿಹೋಯ್ತು.

"ಹತ್ತು ಸಾವಿರ. ಅದು ಇಳಿಸ್ದೇ ಬಂದ್ರೆ ಈ ಟವಲ್ ಮತ್ತೆ ಹೆಗಲ ಮೇಲೆ ಹಾಕಲ್ಲ."

ಟೀ ಅಂಗಡಿಯವನು ಬಿದ್ದ ಲೋಟ ಆರಿಸ್ಕೊಳ್ಳಕ್ಕೆ ಬಗ್ಗಿದ.

ಹೊರಡೋ ದಿನ ದುಡ್ಡು ಇಟ್ಕೊಂಡಿದ್ದು ಟಿಫಿನ್ ಕ್ಯಾರಿಯರಲ್ಲಿ. ಬಸ್ಸಲ್ಲಿ ಕಳ್ಳನಿಗೆ ಅನ್ನ ಸಾರು ಅನ್ನಿಸ್ಲಿ ಅಂತ ಅಮ್ಮನ ಐಡಿಯಾ. ಕೆಳಗಿನ ಡಬ್ಬಿಗಳಲ್ಲಿ ಕಟ್ಟು ಕಟ್ಟು ನೋಟು. ಮೇಲಿನ ಪುಟ್ಟ ಡಬ್ಬೀಲಿ, ಅಂದ್ರೆ ಚಟ್ನಿ ಇಡೋ ಡಬ್ಬೀಲಿ, ದೊಡ್ಡಪ್ಪನೇ ತಮ್ಮ ಕೈಯಾರೆ ಅದೇ ದುಡ್ಡಲ್ಲಿ ಹತ್ತು ಸಾವಿರ ಬೇರೆ ತೆಗೆದು ಇಟ್ರು. ಅಮ್ಮನಿಗೆ ಹೇಳಿದ್ರು, "ಇದು ಹಂಗೇ ವಾಪಸ್ ಬರ್ತದೆ, ನೋಡ್ತಿರಮ್ಮ." ಅವತ್ತು ಟವಲ್ಲಿಗೆ ಇಸ್ತ್ರಿ ಬೇರೆ ಆಗಿತ್ತು.

ಶೋರೂಮು ಕೋಲಾರದ ಹೈವೇ ಪಕ್ಕ ಹೊಸದಾಗಿ ಆಗಿತ್ತು. ನಾಲ್ಕೂ ಕಡೆ ಗಾಜು. ರೋಡಲ್ಲಿ ಹೋಗೋ ಬಸ್ಸಿನೋರಿಗೆ ಒಳಗಿರೋರ ಅಂಗಿ ಗುಂಡಿ ಕಾಣ್ಸುತ್ತೆ. ಅಪ್ಪ, ದೊಡ್ಡಪ್ಪ ಇಬ್ರೂ ಬಾಗಿಲಲ್ಲೇ ಚಪ್ಪಲಿ ಬಿಟ್ರು. ನಾನು ಮಾತ್ರ ಶೂ ಹಾಕ್ಕೊಂಡು ಒಳಗೆ ಹೋದೆ. ಇವರಿಗೂ ನನಗೂ ಬಸ್ಸಲ್ಲಿ ಆಗಿದ್ದಷ್ಟೇ ಪರಿಚಯ ಅನ್ನೋ ಥರ ಎರಡು ಮಾರು ದೂರ ನಿಂತೆ.

ನಮ್ಮ ಹತ್ರ ಬಂದ ಸೇಲ್ಸ್‌ಮನ್ ನೋಡಿ ಆ ಎರಡು ಮಾರನ್ನ ನಾಲ್ಕು ಮಾಡ್ಕೊಂಡೆ. ನಮ್ಮ ಕಾಲೇಜಿನ ಸೀನಿಯರ್ರು! ಮಾಲೂರಿನ ಹುಡುಗ, ಆಗಷ್ಟೇ ಡಿಗ್ರಿ ಮುಗಿಸಿದ್ದ. ಅವರಪ್ಪ ದಿನಾ ರೈಲಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋರು. ಹಸು ಅಂದ್ರೆ ಅವನ ಪಾಲಿಗೆ ಹಾಲಿನ ಪ್ಯಾಕೆಟ್ ಮೇಲಿರೋ ಚಿತ್ರ. ಇದೇ ಸೀನಿಯರ್ ಹತ್ರ ನಾನು ಕ್ಯಾಂಟೀನಲ್ಲಿ ಕೂತು ಹೇಳಿದ್ದೆ, ನಮ್ಮ ದೊಡ್ಡಪ್ಪ ಲೈವ್‌ಸ್ಟಾಕ್ ಕನ್ಸಲ್ಟೆಂಟು, ಆಂಧ್ರದೋರೆಲ್ಲ ಗಾಡಿ ಕಳಿಸಿ ಕರೆಸ್ಕೊಳ್ತಾರೆ ಅಂತ.

"ಏನೋ, ನೀನಿಲ್ಲಿ?" ಅಂದ ಅವನು, ಟೈ ಸರಿಮಾಡ್ಕೊಂಡು. "ಫ್ಯಾಮಿಲಿನಾ? ಇವರೇನಾ ಕನ್ಸಲ್ಟೆಂಟು?"

ಕನ್ಸಲ್ಟೆಂಟು ಆಗ್ಲೇ ಕಾರಿನ ಹಿಂದೆ ಕೂತು ಬಗ್ಗಿ ನೋಡ್ತಿದ್ರು. ಎದ್ದು ಬಂದು ಅದರ ಬೆನ್ನು ತಟ್ಟಿದ್ರು. "ಇದರ ಬಾಯಿ ತೆಗ್ಸಪ್ಪ, ನೋಡಣ."

ಸೀನಿಯರ್ ನನ್ನ ಮುಖ ನೋಡ್ದ. "ಬಾನೆಟ್ಟು" ಅಂದೆ ಮೆಲ್ಲಗೆ. ತೆಗ್ದ.

"ಮೇವು ಎಷ್ಟು ತಿಂತದೆ?"

"ಪೆಟ್ರೋಲು" ಅಂದೆ, ಇನ್ನೂ ಮೆಲ್ಲಗೆ.

ಆಮೇಲೆ ದೊಡ್ಡಪ್ಪ ಕಾರಿನ ಎದುರಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ್ರು. ಮೂತಿ ಮೇಲೆ ಕಂಪ್ನಿದು ಗುಂಡಗಿನ ಗುರುತಿತ್ತು. ಅದನ್ನ ಬೆರಳಲ್ಲಿ ಮುಟ್ಟಿ, ಬೇಜಾರಾದವರ ಥರ ತಲೆ ಆಡಿಸಿದ್ರು. "ಹಣೆ ಮೇಲಿನ ಸುಳಿ ಸರಿ ಇಲ್ವಲ್ಲಪ್ಪ. ಮನೆಗೆ ಆಗಿಬರಲ್ಲ ಇದು." ದನಕ್ಕೆ ಕೆಟ್ಟ ಸುಳಿ ಇದ್ರೆ ರೇಟು ಬೀಳ್ತದೆ, ಅದಕ್ಕೆ ಹಾಕಿದ ಪಟ್ಟು ಅದು. ಪಕ್ಕದ ಟೇಬಲ್ಲಲ್ಲಿ ಕೂತಿದ್ದ ಒಬ್ಬ ಹೆಂಗಸು ಬಾಯಿಗೆ ಕರ್ಚೀಫ್ ಇಟ್ಕೊಂಡ್ರು. ನಾನು ಒಂದು ಕುಂಡದ ಗಿಡದ ಹಿಂದೆ ಸರಿದೆ. ಗಿಡ ನನ್ನ ಮೊಣಕಾಲಷ್ಟಿತ್ತು. ಆದ್ರೂ ಸರಿದೆ.

ಟೇಬಲ್ಲಿಗೆ ಬಂದ್ವಿ. ಸೀನಿಯರ್ ಕಾಗದದ ಮೇಲೆ ರೇಟು, ಇನ್ಶೂರೆನ್ಸು, ಟ್ಯಾಕ್ಸು, ಹ್ಯಾಂಡ್ಲಿಂಗ್ ಚಾರ್ಜು ಎಲ್ಲ ಬರೆದ. "ಫಿಕ್ಸೆಡ್ ಪ್ರೈಸ್ ಸಾರ್."

"ಆಯ್ತು ಬಿಡಪ್ಪ. ಕೈ ಕೊಡು" ಅಂದ್ರು ದೊಡ್ಡಪ್ಪ.

ಪಾಪ, ಶೇಕ್‌ಹ್ಯಾಂಡ್ ಅನ್ಕೊಂಡು ಕೊಟ್ಬಿಟ್ಟ. ದೊಡ್ಡಪ್ಪ ಟವಲ್ ಬೀಸಿದ್ರು. ಇಸ್ತ್ರಿ ಮಾಡಿದ ಟವಲ್ಲು ಆ ಟೇಬಲ್ ಮೇಲೆ ಡೇರೆ ಥರ ಇಳೀತು. ಎರಡು ಕೈಯೂ ಮಾಯ.

ಇಡೀ ಶೋರೂಮು ನಿಂತೋಯ್ತು. ಮ್ಯಾನೇಜರು ಗಾಜಿನ ರೂಮಿಂದ ಕತ್ತು ಉದ್ದ ಮಾಡಿದ್ರು. ಹೈವೇಲಿ ಒಂದು ಮುಳಬಾಗಿಲು ಬಸ್ಸು ಇದನ್ನ ನೋಡಕ್ಕೇ ಸ್ಲೋ ಆಯ್ತು ಅಂತ ನಾನು ಆಣೆ ಮಾಡಿ ಹೇಳ್ತೀನಿ. ಟವಲ್ ಕೆಳಗೆ ಏನೋ ಹರಿದಾಡ್ತಿತ್ತು. ದೊಡ್ಡಪ್ಪ ಸೂರು ನೋಡ್ತಾ ತೆಲುಗಲ್ಲಿ "ಎಂತಕಿಸ್ತಾವಪ್ಪ, ಎಂತಕಿಸ್ತಾವು" ಅಂತ ಗುನುಗ್ತಿದ್ರು. ಎಷ್ಟಕ್ಕೆ ಕೊಡ್ತೀಯ ಅಂತ. ಸೀನಿಯರ್ ಮುಖ ಮೊದ್ಲು ಕೆಂಪಾಯ್ತು, ಆಮೇಲೆ ಬಿಳಿ ಆಯ್ತು. ಆದ್ರೆ ಕೈ ಮಾತ್ರ ಎಳ್ಕೊಳ್ಳಲಿಲ್ಲ. ಗಿರಾಕಿ ಕೈ ಹಿಡಿದ್ರೆ ತಾನಾಗಿ ಬಿಡಿಸ್ಕೋಬಾರ್ದು ಅಂತ ಅವನಿಗೆ ಟ್ರೈನಿಂಗಲ್ಲಿ ಹೇಳ್ಕೊಟ್ಟಿದ್ರಂತೆ. ನಗು ಬೇರೆ ಇಟ್ಕೊಂಡಿದ್ದ ಮುಖದ ಮೇಲೆ.

ದೊಡ್ಡಪ್ಪ ಐದೂ ಬೆರಳು ಹಿಡಿದು ಒತ್ತಿದ್ದು ಟವಲ್ ಮೇಲಿಂದಾನೇ ಗೊತ್ತಾಯ್ತು. ಬಿಟ್ರು. ಮತ್ತೆ ಐದೂ ಹಿಡಿದ್ರು. ಐದು, ಐದು, ಒಟ್ಟು ಹತ್ತು ಸಾವಿರ ಇಳಿಸು ಅಂತ. ಸೀನಿಯರ್ ಸುಮ್ನಿದ್ದ.

ದೊಡ್ಡಪ್ಪ ಟವಲ್ ತೆಗೆದ್ರು. ಮುಖ ದೀಪ ಹಚ್ಚಿದಂಗಿತ್ತು. "ಆಯ್ತು! ಒಳ್ಳೇ ಮನೆ ಹುಡುಗ, ಒಂದೇ ಮಾತಿಗೆ ಒಪ್ಕೊಂಡ." ಜೇಬಿಂದ ನೂರು ರೂಪಾಯಿ ತೆಗೆದು ಸಂಚಕಾರ ಅಂತ ಅವನ ಅಂಗೈಗೆ ಇಟ್ರು. ವ್ಯಾಪಾರ ಕುದುರಿದ್ಮೇಲೆ ಮುಂಗಡ ಹಂಗೇ ಕೊಡೋದು.

"ಅಯ್ಯೋ ಬೇಡ ಸಾರ್, ನಾವು ಟಿಪ್ಸ್ ತಗೊಳಲ್ಲ" ಅಂದ ಸೀನಿಯರ್.

ದೊಡ್ಡಪ್ಪ, ಅಪ್ಪ ದೇವರ ಫೋಟೋ ಥರ ನಗ್ತಾ ಕೂತ್ರು. ಸೀನಿಯರ್ ನನ್ನ ತೋಳು ಹಿಡ್ಕೊಂಡು ಕಾರಿನ ಆಕಡೆ ಎಳ್ಕೊಂಡು ಹೋದ. "ಲೇ, ಏನೋ ಅದು? ಕೈ ನೋಡಿ ಭವಿಷ್ಯ ಹೇಳಿದ್ರಾ?"

ಹೇಳ್ದೆ ಎಲ್ಲ. ಅವನು ಹೊಟ್ಟೆ ಹಿಡ್ಕೊಂಡು ನಕ್ಕು, ಆಮೇಲೆ ಹೆದರ್ದ. "ಹತ್ತು ಸಾವಿರನಾ? ನನ್ನ ಕೆಲ್ಸ ಹೋಗ್ತದೆ ಕಣೋ. ಹೋಗಿ ಹೇಳು ಅವರಿಗೆ, ಆಗಲ್ಲ ಅಂತ."

ಹೋಗಿ ಹೇಳ್ಬೇಕು. ಏನಂತ? ದೊಡ್ಡಪ್ಪ, ಆ ಹುಡುಗನಿಗೆ ನಿಮ್ಮ ಬೆರಳಿನ ಮಾತು ಬರಲ್ಲ, ನೀವು ಇಷ್ಟೊತ್ತು ಒಬ್ರೇ ಮಾತಾಡಿದ್ದು ಅಂತನಾ? ನಾಲ್ಕು ಗಾಜಿನ ಗೋಡೆ ಮಧ್ಯೆ, ಕರ್ಚೀಫಿನ ಹೆಂಗಸಿನ ಎದುರಿಗೆ? ಅವರು ಅಲ್ಲಿ ಟವಲ್ ನಾಲ್ಕು ಮಡಿಕೆ ಮಾಡಿ ಹೆಗಲ ಮೇಲೆ ಹಾಕ್ಕೊಳ್ತಿದ್ರು. ಒಂದು ಕಡೆ ಜಾಸ್ತಿ ಇಳೀತು ಅಂತ ತೆಗೆದು ಮತ್ತೆ ಸರಿಯಾಗಿ ಹಾಕ್ಕೊಂಡ್ರು.

ಅವಾಗ ನನ್ನ ತಲೆ ಓಡ್ತು. ನನ್ನ ತಲೆ ಓಡಿದಾಗಲೆಲ್ಲ ಯಾರಿಗೋ ಕೆಟ್ಟದ್ದಾಗುತ್ತೆ. ಸೀನಿಯರ್ ಜೊತೆ ನಾನೇ ವ್ಯಾಪಾರಕ್ಕೆ ಇಳಿದೆ. ಅರ್ಧ ಇಂಗ್ಲಿಷು, ಅರ್ಧ ಕಾಲಿಗೆ ಬೀಳೋದು. ಎರಡು ಸಾವಿರ ಆದ್ರೂ ಬಿಡು. ಆಗಲ್ಲ. ಹ್ಯಾಂಡ್ಲಿಂಗ್ ಚಾರ್ಜ್ ಅಂದ್ರೇನು, ಇಲ್ಲೇ ನಿಂತಿರೋ ಗಾಡಿನ ಯಾರು ಹ್ಯಾಂಡಲ್ ಮಾಡಿದ್ರು? ಆಗಲ್ಲ. ಕೊನೆಗೆ ಮ್ಯಾನೇಜರ್ನ ಕೇಳ್ಕೊಂಡು ಬಂದು ಕೊಟ್ಟಿದ್ದು ಏನು ಗೊತ್ತಾ? ನಾಲ್ಕು ಮ್ಯಾಟು, ಒಂದು ಸೆಂಟಿನ ಬಾಟ್ಲು, ಒಂದು ರಿವರ್ಸ್ ಹಾರನ್ನು. ಕೋಲಾರ ಜಿಲ್ಲೇಲೇ ದೊಡ್ಡ ಮಾತುಗಾರ ಅಂತ ಮೆರೀತಿದ್ದ ನನಗೆ ಸಿಕ್ಕಿದ ಬೆಲೆ ಅದು.

ವಾಪಸ್ ಬಂದು ದೊಡ್ಡಪ್ಪನಿಗೆ ಹೇಳ್ದೆ, "ಎಲ್ಲ ಸರಿಹೋಯ್ತು ದೊಡ್ಡಪ್ಪ. ನೀವು ಹೇಳಿದ್ದೇ."

ಅಪ್ಪ ಬಿಲ್ ನೋಡಿದ್ರು. ಫುಲ್ ರೇಟು. ನನ್ನ ನೋಡಿದ್ರು. ನಾನು ನೆಲ ನೋಡ್ದೆ. ಅಣ್ಣನ ಮುಖ ನೋಡಿದ್ರು, ಸೈನ್ ಹಾಕಿ ಕ್ಯಾರಿಯರ್ ಎತ್ಕೊಂಡು ಕ್ಯಾಷಿಯರ್ ಹತ್ರ ಹೋದ್ರು. ನೋಟೆಲ್ಲ ಹುಳಿ ವಾಸನೆ ಹೊಡೀತಿದ್ವಂತೆ, ಕ್ಯಾಷಿಯರ್ ಎರಡು ಸಲ ಸೀನಿದ. ದೊಡ್ಡಪ್ಪ ಅಷ್ಟೊತ್ತಿಗೆ ಹೊರಗೆ ಕಾರಿಗೆ ನಿಂಬೆಹಣ್ಣು ಇಡಿಸ್ತಿದ್ರು.

ಅಪ್ಪ ಡ್ರೈವಿಂಗ್ ಸ್ಕೂಲಲ್ಲಿ ಕಲಿತಿದ್ದು ಹೊಸದು. ನಮ್ಮನ್ನ ಒಂದು ಸೈಕಲ್ಲು ಓವರ್‌ಟೇಕ್ ಮಾಡ್ತು, ಅದೂ ಡಬಲ್ ರೈಡಿಂಗು. ಹಿಂದೆ ನಾನು, ದೊಡ್ಡಪ್ಪ, ಮಧ್ಯದಲ್ಲಿ ಟಿಫಿನ್ ಕ್ಯಾರಿಯರ್ರು. ಪ್ರತಿ ಗುಂಡಿಗೂ ಮೇಲಿನ ಪುಟ್ಟ ಡಬ್ಬಿ ಮುಚ್ಚಳ ಟಣಟಣ ಅಂತಿತ್ತು. ತುಂಬಿದ ಡಬ್ಬಿ ಹಂಗೆ ಬಡ್ಕೊಳಲ್ಲ. ಬರೋವಾಗ ಬಸ್ಸಲ್ಲಿ ಅದು ಸದ್ದೇ ಮಾಡಿರ್ಲಿಲ್ಲ.

ನಾನು ಜೋರಾಗಿ ಮಾತಾಡಕ್ಕೆ ಶುರು ಮಾಡ್ದೆ. ಮ್ಯಾಟ್ ಬಗ್ಗೆ, ಸೆಂಟ್ ಬಗ್ಗೆ. ದೊಡ್ಡಪ್ಪ ಡಬ್ಬೀನೇ ನೋಡ್ತಿದ್ರು.

ಸ್ವಲ್ಪ ಹೊತ್ತಾದ್ಮೇಲೆ ಹೆಗಲಿಂದ ಟವಲ್ ತೆಗೆದು ನನ್ನ ಕೈ ಮೇಲೆ ಹಾಕಿದ್ರು. ಕೆಳಗಿಂದ ಅವರ ಕೈ ಬಂತು. ಒರಟು ಕೈ, ಹಗ್ಗದ ಥರ. ಐದೂ ಬೆರಳು ಹಿಡಿದು ಒಂದ್ಸಲ ಒತ್ತಿದ್ರು. ಇನ್ನೊಂದ್ಸಲ ಒತ್ತಿದ್ರು. ಹತ್ತಾ?

ನಾನು ಕೈ ಕೊಡವಿದೆ.

ಐದೇ ಹಿಡಿದ್ರು. ಕೊಡವಿದೆ. ಎರಡು ಬೆರಳು. ಕೊಡವಿದೆ. ಕಿಟಕಿಯಿಂದಾಚೆ ನೋಡ್ತಾ ಇದ್ದೆ, ಹಿಪ್ಪುನೇರಳೆ ತೋಟ ಹಿಂದಕ್ಕೆ ಹೋಗ್ತಿತ್ತು. ಕೊನೆಗೆ ಕಿರುಬೆರಳು ಒಂದೇ ಹಿಡಿದು ಕಾದ್ರು. ತುಂಬಾ ಹೊತ್ತು ಕಾದ್ರು. ನಾನು ಸುಮ್ನಿದ್ದುಬಿಟ್ರೆ ಒಂದು ಸಾವಿರ ಆದ್ರೂ ಇಳಿದ ಹಾಗೆ ಆಗ್ತಿತ್ತು. ಆದ್ರೆ ಟವಲ್ ಕೆಳಗೆ ಸುಳ್ಳು ಹೇಳಕ್ಕೆ ನನಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ. ಬೆರಳು ಬಿಡಿಸ್ಕೊಂಡು ಕೈ ಮುಷ್ಟಿ ಮಾಡ್ಕೊಂಡೆ.

ಅವರು ಆ ಮುಷ್ಟಿ ಮೇಲೆ ಕೈಯಿಟ್ಕೊಂಡೇ ಕೂತ್ರು. ಮುಂದೆ ಅಪ್ಪ ಗೇರ್ ಜೊತೆ ಜಗಳ ಆಡ್ತಿದ್ರು.

ಊರಲ್ಲಿ ಟೀ ಅಂಗಡಿ ಮುಂದೆ ಜಾತ್ರೆನೇ ಸೇರಿತ್ತು. ಅಪ್ಪ ನಿಲ್ಸಕ್ಕೆ ಹೋಗಿ ರಿವರ್ಸ್ ಹಾಕಿದ್ರು. ನಾನು ಗೆದ್ದು ತಂದಿದ್ದ ಹಾರನ್ನು ಯಾವುದೋ ಮದುವೆ ಮನೆ ರಾಗದಲ್ಲಿ ಕಿರುಚ್ಕೊಳ್ತು. ಎರಡು ಹಸು ಹಗ್ಗ ಕಿತ್ಕೊಂಡು ಓಡಿದ್ವು, ನಾಯಿಗಳು ಅಟ್ಟಿಸ್ಕೊಂಡು ಹೋದ್ವು. ಜನ ಬಿದ್ದು ಬಿದ್ದು ನಕ್ರು. ದೊಡ್ಡಪ್ಪ ಕಾರಿಂದ ಇಳಿದ್ರು. ಟೀ ಅಂಗಡಿಯವನು ಮಾತ್ರ ನಗ್ತಾ ನಗ್ತಾನೇ ದೊಡ್ಡಪ್ಪನ ಹೆಗಲು ನೋಡ್ದ. ಹೆಗಲು ಖಾಲಿ. ಟವಲ್ ಇನ್ನೂ ನನ್ನ ತೊಡೆ ಮೇಲಿತ್ತು.

"ಏನ್ ಯಜಮಾನ್ರೇ, ಟವಲ್ ಕಾಣ್ತಿಲ್ಲ?"

ನಾನು ಕಾರಿಂದ ಹಾರಿ ಓಡಿ ಹೋದೆ. "ದೊಡ್ಡಪ್ಪ, ಟವಲ್ ಮರ್ತುಬಿಟ್ರಿ" ಅಂತ ಅವರ ಹೆಗಲ ಮೇಲೆ ಹಾಕ್ದೆ.

ಟೀ ಅಂಗಡಿಯವನು ನನ್ನ ಕಡೆ ತಿರುಗ್ದ. "ಏನ್ಲಾ, ನೀನೇ ಹೇಳು. ಎಷ್ಟು ಇಳಿಸಿದ್ರು?"

ಶೋರೂಮಿನ ಕಥೆ ಎಲ್ಲ ನನ್ನ ನಾಲಗೆ ತುದೀಲಿತ್ತು. ಬಾಯಿ ತೆಗೆಸೋದು, ಮೇವು, ಸುಳಿ, ಟಿಪ್ಸು. ಇಡೀ ಊರು ಒಂದು ತಿಂಗಳು ನಗೋ ಅಷ್ಟಿತ್ತು.

"ಟವಲ್ ಕೆಳಗಿನ ಮಾತು. ಹೇಳ್ಬಾರ್ದು" ಅಂದೆ.

ದೊಡ್ಡಪ್ಪ ನನ್ನ ನೋಡ್ಲಿಲ್ಲ. ಟವಲ್ ಹೆಗಲಿಂದ ತೆಗೆದ್ರು, ಒಂದ್ಸಲ ಕೊಡವಿದ್ರು, ಕಾರಿನ ಹತ್ರ ಹೋಗಿ ಬಾನೆಟ್ ಮೇಲಿನ ಧೂಳು ಒರೆಸಕ್ಕೆ ಶುರು ಮಾಡಿದ್ರು. ನಿಧಾನಕ್ಕೆ, ಹೊಸ ಹಸು ಮೈ ಒರೆಸ್ದಂಗೆ. ಆ ಕೆಟ್ಟ ಸುಳಿನೂ ಒರೆಸಿದ್ರು. ಆಮೇಲೆ ಟವಲ್ನ ವೈಪರಿಗೆ ನೇತುಹಾಕಿ, ಬೆಂಚಿನ ಮೇಲೆ ಬಂದು ಕೂತು, "ಒಂದು ಟೀ ಕೊಡಪ್ಪ" ಅಂದ್ರು. ಹೊಸ ಗಾಡಿ, ಒರೆಸಿದ್ರು ಅಂತ ಎಲ್ರೂ ಅನ್ಕೊಂಡ್ರು. ಅಪ್ಪ ಮಾತ್ರ ಸ್ಟೀರಿಂಗ್ ಬಿಟ್ಟು ಕೆಳಗೆ ಇಳೀಲೇ ಇಲ್ಲ.

ಅವತ್ತಿಂದ ಟವಲ್ ದೊಡ್ಡಪ್ಪನ ಹೆಗಲು ಹತ್ತಲಿಲ್ಲ, ಅದು ನಮ್ಮನೇಲಿ ಕಾರು ಒರೆಸೋ ಬಟ್ಟೆ. ಭಾನುವಾರ ಒರೆಸೋ ಕೆಲ್ಸ ನಂದು. ಕಾಲೇಜಲ್ಲಿ ಸೀನಿಯರ್ ಹಬ್ಬಿಸಿದ ಕಥೆ ಇನ್ನೂ ಓಡ್ತಿದೆ, ನನ್ನ ಕಂಡ್ರೆ ಹುಡುಗ್ರು ಕರ್ಚೀಫ್ ಬೀಸಿ ಕೈ ಚಾಚ್ತಾರೆ. ನಾನೂ ನಗ್ತೀನಿ. ಮನೇಲಿ ಬಕೆಟ್ಟಲ್ಲಿ ಟವಲ್ ಅದ್ದುವಾಗ ಮಾತ್ರ ಕೆಂಪಂಚು ಮೇಲೆ ಕಾಣ್ದಂಗೆ ಒಳಗೆ ಮಡಚ್ಕೊಂಡು ಒರೆಸ್ತೀನಿ. ದೊಡ್ಡಪ್ಪ ಆ ಹೊತ್ತಲ್ಲಿ ನಮ್ಮ ಬೀದಿಗೆ ಬರಲ್ಲ.