ಶೂಚಿನ್ ಹೊಗಳಿದ ಹವೆ

ಚೀನಾದ ರೊಂಗ್‌ಚೆಂಗ್‌ನ ಕಡಲತಡಿಯಲ್ಲಿ ಮೂವತ್ತು ವರ್ಷ ಕಡಲಪಾಚಿ ಒಣಹಾಕಿದ ಬೀ ಶೂಚಿನ್‌ಗೆ ಗಾಳಿಯ ಗುಣ ಮೂಗಿಗೇ ತಿಳಿಯುತ್ತಿತ್ತು. ಬಡಗಣ ಗಾಳಿ ಬೀಸಿದರೆ ಪಾಚಿ ಸಂಜೆಯೊಳಗೆ ಗರಿಗರಿ. ತೆಂಕಣ ಗಾಳಿ ಬಂದರೆ ತಣ್ಣನೆಯ ಕಡಲ ಮೇಲೆ ಮಂಜೆದ್ದು, ಹಾಸಿದ್ದೆಲ್ಲ ಲೋಳೆ. ಐವತ್ತೆಂಟಕ್ಕೆ ಅವಳ ಮಂಡಿ ಕೈಕೊಟ್ಟಿತು. ಆಗ ಮನೆ ಮಾರುವ ಕಂಪನಿಯೊಂದು ಅವಳನ್ನು ಕರೆದು ತನ್ನ ಗಾಜಿನ ಕಚೇರಿಯಲ್ಲಿ ಕೂರಿಸಿತು. ಹೂವಿನ ಅಂಗಿ ತೊಟ್ಟು, ದೂರದ ಚಳಿನಾಡು ಹಾರ್ಬಿನ್ನಿನಿಂದ ಬಸ್ಸುಗಟ್ಟಲೆ ಬರುವ ನಿವೃತ್ತರಿಗೆ ಮೀನಿನ ಕಡುಬು ತಿನ್ನಿಸಿ, ಊರಿನ ಹವೆಯನ್ನು ಹೊಗಳಬೇಕು. ಅಷ್ಟೇ ಕೆಲಸ.

"ಮಂಜಿನ ಮಾತು ಮಾತ್ರ ಎತ್ತಬೇಡಿ ಅಕ್ಕ," ಎಂದ ಮ್ಯಾನೇಜರ್ ಜೂ. "ವರ್ಷವಿಡೀ ಒಣ ಗಾಳಿ ಅನ್ನಿ."

"ಜೂನ್ ತಿಂಗಳಲ್ಲೂ?"

"ಜೂನ್‌ನಲ್ಲಿ ಯಾರು ಬಂದು ನೋಡ್ತಾರೆ?"

ಬಸ್ಸುಗಳು ಬರುತ್ತಿದ್ದುದು ಸೆಪ್ಟೆಂಬರಿನಲ್ಲಿ. ಆಗ ಆಕಾಶ ತೊಳೆದಿಟ್ಟಂತೆ, ಕಡಲು ಚಿತ್ರ ಬರೆದಂತೆ. ರೈಲ್ವೆಯಲ್ಲಿ ಸಿಗ್ನಲ್ ನೋಡಿಕೊಂಡಿದ್ದು ನಿವೃತ್ತನಾಗಿದ್ದ ಗ್ವಾನ್ ಕೇಳಿದ, "ನನಗೆ ಕೀಲುನೋವು ಅಕ್ಕ. ಒಗೆದ ಹೊದಿಕೆ ಬೇಗ ಒಣಗುತ್ತಾ?"

"ಅರ್ಧ ದಿನ ಸಾಕು," ಎಂದಳು ಶೂಚಿನ್. ಸೆಪ್ಟೆಂಬರಿನ ಮಟ್ಟಿಗೆ ಅದು ಸುಳ್ಳಲ್ಲ ಎಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಂಡಳು. ಗ್ವಾನ್ ಮನೆಯ ಕರಾರಿಗೆ ಸಹಿ ಹಾಕಿದ.

ಮುಂದಿನ ಜೂನ್‌ನಲ್ಲಿ ಅವನು ಪೆಟ್ಟಿಗೆ ಸಮೇತ ಬಂದಿಳಿದ. ಕಡಲು ಕಾಣುವ ಮನೆಯಿಂದ ಎದುರಿನ ಕಟ್ಟಡವೂ ಕಾಣಲಿಲ್ಲ. ಗೋಡೆಗಳು ಬೆವರುತ್ತಿದ್ದವು. ಬೂಟಿಗೆ ಬೂಷ್ಟಿನ ಹಸಿರು ಮೀಸೆ ಬಂತು. ಮೂರನೆಯ ದಿನ ಅವನು ಒದ್ದೆ ಹೊದಿಕೆಯನ್ನು ಹೆಗಲಿಗೆ ಹಾಕಿಕೊಂಡು ಸೀದಾ ಕಚೇರಿಗೆ ನಡೆದ. ಹಗಲಿಡೀ ಏಸಿ ಓಡುತ್ತಿದ್ದ ಆ ಕೋಣೆಯೊಂದೇ ಇಡೀ ಬಡಾವಣೆಯಲ್ಲಿ ಒಣಗಿದ ಜಾಗ. ಅಲ್ಲಿ ಪುಟ್ಟ ಪುಟ್ಟ ಕಟ್ಟಡಗಳ ಮಾದರಿಯ ಮೇಲೆ ದೀಪದ ಸೂರ್ಯ ಬೆಳಗುತ್ತಿದ್ದ. ಗ್ವಾನ್ ಹೊದಿಕೆಯನ್ನು ಅದರ ಮೇಲೆಯೇ ಹರವಿದ.

"ಬಿಸಿಲಿರೋದು ಇಲ್ಲಿ ಮಾತ್ರ ತಾನೇ? ಅಕ್ಕ, ನೀವು ಹೇಳಿದ ಅರ್ಧ ದಿನ ಯಾವ ತಿಂಗಳದ್ದು?"

ಶೂಚಿನ್‌ಳ ಮುಖ ಬಿಳಿಚಿಕೊಂಡಿತು. ಮೂವತ್ತು ವರ್ಷದಲ್ಲಿ ಒಮ್ಮೆಯೂ ಅವಳು ಹಸಿ ಪಾಚಿಯನ್ನು ಒಣಗಿದ್ದೆಂದು ಕೊಟ್ಟವಳಲ್ಲ. ಹೂವಿನ ಅಂಗಿಯ ತೋಳು ಮಡಚಿದಳು.

"ಹೀಗೆ ಮುದ್ದೆ ಹಾಕಿದ್ರೆ ಒಣಗಲ್ಲ, ಗ್ವಾನ್ ಅಣ್ಣ. ಹಗ್ಗ ಕಟ್ಟೋಣ."

ಕಚೇರಿಯೊಳಗೆ ಕಂಬದಿಂದ ಕಂಬಕ್ಕೆ ಹಗ್ಗ ಬಿತ್ತು. ಸುದ್ದಿ ಹಬ್ಬಿ, ಮಧ್ಯಾಹ್ನದೊಳಗೆ ಬಡಾವಣೆಯ ಹೊದಿಕೆ, ಕಾಲುಚೀಲ, ಒಳಚಡ್ಡಿಗಳೆಲ್ಲ ಅಲ್ಲಿ ತೂಗಾಡುತ್ತಿದ್ದವು. ಆ ವರ್ಷ ಮಾರಾಟ ಕುಸಿದಿದ್ದರಿಂದ ಜೂ ಜೂನ್‌ನಲ್ಲೂ ಒಂದು ಬಸ್ಸು ತರಿಸಿದ್ದ. ಅದು ಸರಿಯಾಗಿ ಆಗಲೇ ಬಂದು ನಿಂತಿತು.

"ಬನ್ನಿ ಬನ್ನಿ! ಇದು ನಮ್ಮ ಕರಾವಳಿಯ ಜಾನಪದ ಪ್ರದರ್ಶನ," ಎಂದು ಜೂ ಹಲ್ಲು ಕಿರಿದ. "ಅಕ್ಕ, ವಿವರಿಸಿ."

ಶೂಚಿನ್ ವಿವರಿಸಿದಳು. "ಏಪ್ರಿಲ್‌ನಿಂದ ಜುಲೈವರೆಗೆ ಮಂಜು. ಹೊದಿಕೆ ಒಣಗಲ್ಲ, ಡಬ್ಬಿಯಲ್ಲಿ ಉಪ್ಪು ನೀರಾಗುತ್ತೆ. ಆಗಸ್ಟ್ ಕಳೆದ್ರೆ ಸ್ವರ್ಗ. ಚಳಿಗಾಲದಲ್ಲಿ ಮಂಡಿವರೆಗೆ ಹಿಮ, ಅದನ್ನೂ ಇವರು ಹೇಳಿರಲ್ಲ. ಕೊಳ್ಳೋರು ಗೋಡೆ ಮುಟ್ಟಿ ನೋಡಿ ಕೊಳ್ಳಿ."

"ನಿಮ್ಮ ಮನೆ ಯಾವ ಕಟ್ಟಡದಲ್ಲಿ, ಮ್ಯಾನೇಜರ್?" ಎಂದು ಬಸ್ಸಿನ ಹೆಂಗಸೊಬ್ಬಳು ಕೇಳಿದಳು.

ಜೂಗೆ ಕೆಮ್ಮು ಬಂತು.

"ಗುಡ್ಡದಾಚೆ," ಎಂದಳು ಶೂಚಿನ್. "ಅಲ್ಲಿ ಚೆನ್ನಾಗಿ ಒಣಗುತ್ತೆ."

ಸಂಜೆಯೊಳಗೆ ಶೂಚಿನ್ ಕೆಲಸ ಹೋಗಿ, ಹೂವಿನ ಅಂಗಿ ಕಂಪನಿಗೆ ವಾಪಸ್ಸಾಯಿತು. ಗ್ವಾನ್ ಮತ್ತು ನೆರೆಯವರು ಮಾತ್ರ ಹನ್ನೊಂದು ದಿನ ಹಗ್ಗ ಬಿಚ್ಚಗೊಡಲಿಲ್ಲ. ಕೊನೆಗೆ ಕಂಪನಿ ಮನೆಗೊಂದು ತೇವ ಹೀರುವ ಯಂತ್ರ ಕೊಟ್ಟು ಕೈಮುಗಿಯಿತು.

ಮರುವರ್ಷ ಕಚೇರಿಯ ಮುಂದೆ ಹೊಸ ಫಲಕ ಎದ್ದಿತು: "ಮೋಡದೊಳಗಿನ ದೇವಲೋಕ". ಮಂಜೇ ಈಗ ಸರಕು. ಬೆಲೆ ಏರಿತು, ಜೂನ್‌ನಲ್ಲೇ ಬಸ್ಸುಗಳು ಸಾಲುಗಟ್ಟಿದವು. ಶೂಚಿನ್ ಪಾಚಿಯ ಬಯಲಿನಲ್ಲಿ ಸ್ಟೂಲಿನ ಮೇಲೆ ಕೂತು, ಯಾವಾಗ ಹರವಬೇಕು, ಯಾವಾಗ ಎತ್ತಬೇಕು ಎಂದು ಕೂಗಿ ಹೇಳುವ ಕೆಲಸ ಹಿಡಿದಿದ್ದಳು. ಜೂ ಅಲ್ಲಿಗೇ ಹುಡುಕಿಕೊಂಡು ಬಂದ.

"ವಾಪಸ್ ಬನ್ನಿ ಅಕ್ಕ. ಈ ಸಲ ನಿಜವನ್ನೇ ಹೇಳಿ. ಸ್ವಲ್ಪ ನಗ್ತಾ ಹೇಳಿ, ಅಷ್ಟೇ."

"ಮಂಜಲ್ಲಿ ಕೀಲು ನೋಯ್ತಿದ್ರೂ ನಗೋರು ಎಲ್ಲಾದ್ರೂ ಸಿಕ್ಕಿದ್ರೆ ಕರ್ಕೊಂಡು ಹೋಗಪ್ಪ. ಈಗ ದಾರಿ ಬಿಡು, ಪಾಚಿ ತುಳೀತಿದ್ದೀಯ."

ಸಂಜೆಯೊಳಗೆ ಜೂ ಬೇರೊಬ್ಬಳನ್ನು ಹುಡುಕಿದ. ಒಳನಾಡಿನಿಂದ ಮೊನ್ನೆಯಷ್ಟೇ ಬಂದವಳು. ಕಡಲನ್ನಿನ್ನೂ ಸರಿಯಾಗಿ ನೋಡಿರಲಿಲ್ಲ, ನಗು ಮಾತ್ರ ಬಹಳ ಚೆನ್ನಾಗಿತ್ತು.