ಪೀರನ ಬಾಯಲ್ಲಿ ಕ್ಲೋರೈಡ್

ಚಿಮ್ಮನಚೋಡದ ಸಾಯಬಣ್ಣ ಕಾಮಾಲೆಯಿಂದ ತೀರಿಕೊಂಡು ಎರಡು ತಿಂಗಳಾಯಿತು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲಿಗೆ ಪಾಲಿಶ್ ಹಾಕುತ್ತಿದ್ದ. ನಾನು ಅಲ್ಲಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಹದಿನೆಂಟು ವರ್ಷ ಒಂದೇ ಓಣಿಯಲ್ಲಿದ್ದೆವು.

ನೋಡಿದರೆ ಪೈಲ್ವಾನ. ಆದರೆ ಒಂದು ದಿನವೂ ಕಸರತ್ತು ಮಾಡಿದವನಲ್ಲ. ಸ್ನಾಯುಗಳು ಸುಮ್ಮನಿರಲಾರದೆ ತಾವೇ ಬೆಳೆದಿದ್ದವು. ಕುಳಿತವನು ಗಡಬಡಿಸಿ ಎದ್ದರೆ ಕಾಲು ಸೆಟೆದು ಮರದ ದಿಮ್ಮಿಯಂತೆ ಬೀಳುತ್ತಿದ್ದ. ಹತ್ತು ಹೆಜ್ಜೆ ಹಾಕಿದ ಮೇಲೆ ಎಲ್ಲ ಸರಿ. ಒಮ್ಮೆ ವಾಡಿ ಸ್ಟೇಷನ್ನಿಗೆ ನನ್ನನ್ನು ಕಳಿಸಲು ಓಡುತ್ತ ಬಂದವನು ಕಿಟಕಿಯ ಸರಳು ಹಿಡಿದ. ಗಾಡಿ ಹೊರಟರೂ ಸೆಟೆದ ಬೆರಳು ಬಿಚ್ಚಲಿಲ್ಲ. ಪ್ಲಾಟ್‌ಫಾರ್ಮಿನ ಅರ್ಧದವರೆಗೆ ಹಾಗೆಯೇ ಓಡಿದ. ನನ್ನ ಎದುರಿಗಿದ್ದ ಮುದುಕಿ ಅವನ ಪ್ರೀತಿ ಕಂಡು ಕಣ್ಣೊರೆಸಿಕೊಂಡಳು.

ಕಲಬುರಗಿಯ ಡಾಕ್ಟರು ಕಾರಣ ಹೇಳಿದರು. ಸ್ನಾಯುವಿನ ಪೊರೆಯಲ್ಲಿ ಕ್ಲೋರೈಡನ್ನು ಬಿಟ್ಟುಕೊಳ್ಳುವ ಒಂದು ಪ್ರೋಟೀನು ಇದೆ. ಒಂದೇ ತರಹದ ಎರಡು ತುಂಡು ಕೂಡಿ ಆದದ್ದು. ಒಂದೊಂದಕ್ಕೂ ತನ್ನದೇ ಬಾಗಿಲು, ಜೊತೆಗೆ ಎರಡಕ್ಕೂ ಸೇರಿ ಇನ್ನೊಂದು. ತುಂಡೆಂದರೆ ಮಣಿಸರವಿದ್ದಂತೆ. ಒಂದು ಮಣಿ ಬದಲಾದರೂ ಸರ ಮಡಚಿಕೊಳ್ಳುವ ರೀತಿ ಕೆಡಬಹುದು, ಬಾಗಿಲು ತೆರೆಯದೆ ಹೋಗಬಹುದು. ಕ್ಲೋರೈಡ್ ಬಾರದಿದ್ದರೆ, ಸಾಕು ಅಂದರೂ ಸ್ನಾಯು ಕೇಳುವುದಿಲ್ಲ. ಸಾಯಬಣ್ಣನಿಗೆ ತಂದೆ, ತಾಯಿ ಇಬ್ಬರಿಂದಲೂ ಆ ಪ್ರೋಟೀನಿನ ಜೀನಿನ ಕೆಟ್ಟ ನಕಲೇ ಬಂದಿತ್ತು. ಅವನ ತಂದೆ ಅವನ ತಾಯಿಗೆ ಸೋದರಮಾವ.

ಅದೇ ಹೊತ್ತಿಗೆ ಅವನ ಅಕ್ಕ ಬಸ್ಸಮ್ಮ ತನ್ನ ಮಗಳು ಸುಶ್ಮಿತಾಳನ್ನು ಅವನಿಗೇ ಕೊಡುವುದೆಂದು ಹಟ ಹಿಡಿದಿದ್ದಳು. ಹುಡುಗಿ ಸೇಡಂನಲ್ಲಿ ಡಿಗ್ರಿ ಓದುತ್ತಿದ್ದಳು. ಅವನಿಗೆ ಮದುವೆಯ ಆಸೆ ಬಹಳವೇ ಇತ್ತು, ಆದರೆ ಅವಳ ಜೊತೆ ಬೇಡವಾಗಿತ್ತು. ಅವಳಲ್ಲೂ ಆ ಕೆಟ್ಟ ನಕಲು ಇದ್ದರೆ ಹುಟ್ಟುವ ಕೂಸೂ ತನ್ನಂತೆ ಬೀಳುತ್ತ ಬೆಳೆಯಬೇಕಾದೀತು. ನಾನು ಬಸ್ಸಮ್ಮನ ಮನೆಗೆ ಹೋಗಿ ಕಟ್ಟೆಯ ಮೇಲೆ ಚಾಕ್‌ಪೀಸಿನಿಂದ ಪ್ರೋಟೀನಿನ ಚಿತ್ರ ಬರೆದು ತಿಳಿಸಿದೆ. ರಂಗೋಲಿ ಸೊಟ್ಟಗಾಗಿದೆ ಅಂದಳು.

ಆ ವರ್ಷ ಚಿಮ್ಮನಚೋಡದ ಮೊಹರಂ ಕೊನೆಯ ದಿನ, ಮಧ್ಯಾಹ್ನ. ಕೋಲಿನ ತುದಿಗೆ ಲೋಹದ ಹಸ್ತವಿರುವ ಪೀರನ ಪಂಜಾ ಹಿಡಿಯುವುದು ಸಾಯಬಣ್ಣನ ಮನೆತನಕ್ಕೆ ತಲೆಮಾರಿನಿಂದ ಬಂದ ಸೇವೆ. ಎರಡು ತಾಸು ಕುಳಿತಿದ್ದವನು ಪಟಾಕಿಗೆ ಬೆಚ್ಚಿ ಎದ್ದು ಪಂಜಾದ ಕೋಲು ಹಿಡಿದ. ಮೈ ಕಂಬದಂತೆ ಸೆಟೆಯಿತು, ಕೈ ಬಿಡಲಿಲ್ಲ. ಮೈಮೇಲೆ ಪೀರ ಬಂದ ಅಂದರು ಜನ. ಪೀರನ ಸೇವೆ ನೋಡಿಕೊಳ್ಳುವ ಮುಜಾವರ ಗನಿಸಾಬರು ಕೆಂಡಕ್ಕೆ ಊದು ಹಾಕಿದರು. ಎಲ್ಲರಿಗಿಂತ ಮುಂದೆ ನುಗ್ಗಿದವಳು ಬಸ್ಸಮ್ಮ.

“ಎಪ್ಪಾ ಪೀರಾ, ಪೋರಿನ್ನ ನನ್ನ ತಮ್ಮಗ ಕೊಡ್ಲೇನು?”

ಸಾಯಬಣ್ಣನ ಮೈ ಸೆಟೆದಿತ್ತೇ ಹೊರತು ಬುದ್ಧಿ ಸ್ವಸ್ಥವಾಗಿತ್ತು. ಬಿಗಿದ ದವಡೆಯಿಂದಲೇ ಹೇಳಿದ: “ಬ್ಯಾಡ. ನಿನ್ನ ತಮ್ಮನ ಬಾಗಿಲ ಕೆಟ್ಟಾವ. ಅವ್ವನ ಕಡಿಂದೂ ಅಪ್ಪನ ಕಡಿಂದೂ ಕೆಟ್ಟಾವ. ಕ್ಲೋರೈಡ್ ಒಳಗ ಬರಂಗಿಲ್ಲ.”

ಬಸ್ಸಮ್ಮನ ಪಕ್ಕದ ಮನೆಯ ಬೀರೇಶ ಹಿಂದಿನಿಂದ, “ಕ್ಲೋರೈಡ್ ಅಂದ್ರ ಯಾರ್ರಿ?” ಅಂದ.

“ಉಪ್ಪಿನಾಗ ಇರ್ತದ,” ಎಂದು ಅದೇ ಬಿಗಿದ ದವಡೆಯಿಂದ ಉತ್ತರ ಬಂತು.

ಗನಿಸಾಬರು ತಲೆಯಾಡಿಸಿ ಒಂದು ಬೊಗಸೆ ಉಪ್ಪು ತರಿಸಿದರು. ಮದುವೆಯ ಮಾತು ಅಲ್ಲಿಗೇ ನಿಂತಿತು.

ಶಹಾಬಾದಿಗೆ ಮರಳುವಾಗ ಬಸ್ಸಿನಲ್ಲಿ ಸಾಯಬಣ್ಣ ಕೇಳಿದ: “ಪೀರನ ಹೆಸರಿನಾಗ ನಾ ಮಾತಾಡಿದ್ದು ಗುನ್ಹೆ ಅಲ್ಲೇನ್ರಿ ಮಾಸ್ತರ?” ಹೇಳಿದ್ದೆಲ್ಲ ನಿಜವೇ ಅಲ್ಲವೇ ಅಂದೆ. ಅವನಿಗೆ ಸಮಾಧಾನವಾಗಲಿಲ್ಲ.

ಆಮೇಲೆ ಯಾರೂ ಅವನಿಗೆ ಹೆಣ್ಣು ಕೊಡಲಿಲ್ಲ. ಅವನ ಬಾಗಿಲು ಕೆಟ್ಟಿವೆಯೆಂದು ಪೀರನೇ ಹೇಳಿದ್ದನಲ್ಲ. ಸಂಬಂಧದ ಹೊರಗಿನ ಹುಡುಗಿಯಾದರೆ ಮಕ್ಕಳಿಗೆ ಈ ರೋಗ ಬರುವುದು ತೀರ ಅಪರೂಪ ಎಂದು ಮನೆಮನೆಗೆ ಹೋಗಿ ಹೇಳಿದೆ. ಅದನ್ನು ಪೀರ ಹೇಳಿಲ್ಲವಲ್ಲ ಅಂದರು. ಮುಂದಿನ ಮೊಹರಂಗಾಗಿ ಕಾದೆ.

ಮುಂದಿನ ಮೊಹರಂಗೆ ಹಲಗೆ ಬಾರಿಸುವವನು ಬರಲಿಲ್ಲ. ಸಾಯಬಣ್ಣನೇ ಒಂದು ತಾಸು ಬಾರಿಸಿದ. ಪಂಜಾ ಕೈಗೆ ಬರುವ ಹೊತ್ತಿಗೆ ಕೈ, ಮೈ ಎಲ್ಲ ಸಡಿಲವಾಗಿದ್ದವು. ಬಸ್ಸಮ್ಮ ಎದುರಿಗೆ ಕೈಮುಗಿದು ನಿಂತಿದ್ದಳು. ಇಷ್ಟು ವರ್ಷ ವಿಜ್ಞಾನ ಕಲಿಸಿದ ನಾನು ಅವನ ಕಿವಿಯಲ್ಲಿ, ಸುಮ್ಮನೆ ಸೆಟೆದು ನಿಲ್ಲು, ಹೊರಗಿನ ಹುಡುಗಿ ಆಗಬಹುದು ಅಂತ ಎರಡು ಮಾತು ಸಾಕು ಅಂದೆ.

“ಇವತ್ತ ಬಂದಿಲ್ರಿ ಮಾಸ್ತರ,” ಅಂದ. ಬೆರಳು ಸಲೀಸಾಗಿ ಬಿಚ್ಚಿ, ಪಂಜಾವನ್ನು ಗನಿಸಾಬರ ಕೈಗೆ ಕೊಟ್ಟ.